ವಾಲಿದ ಗೋಪುರದ ಮುಂದೆ ನೇಸರಗಿಯ ಶಟ್ಟೆವ್ವ

ನೇಸರಗಿಯ ಶಟ್ಟೆವ್ವನ ಹೆಸರು ತೆಗೆದರೆ ಇವತ್ತಿಗೂ ನನ್ನ ತಲೆ ಬಿಸಿಯಾಗುತ್ತದೆ. ನಮ್ಮಜ್ಜ ಪಂಚಾಂಗ ಹೇಳುತ್ತಿದ್ದವರು. ಅಪ್ಪ ಆ ಪಂಚಾಂಗವನ್ನು ಮಡಿಚಿಟ್ಟು ಬೆಳಗಾವಿಯಿಂದ ಕಟ್ಟಿಗೆಯ ಕ್ಯಾಮೆರಾ ತಂದು ಬೈಲಹೊಂಗಲದ ಬಜಾರದಲ್ಲಿ ಫೋಟೋ ಸ್ಟುಡಿಯೋ ಹಾಕಿದರು. ಅವರ ನಂತರ ನಾನು, ದಿಗಂಬರ, ಅದೇ ಕ್ಯಾಮೆರಾದ ಹಿಂದೆ ಕರೀ ಬಟ್ಟೆ ಹೊದ್ದು ನಿಂತೆ. ಕಿರುಚುವ ಕೂಸುಗಳು, ಉಸಿರು ಬಿಗಿಹಿಡಿದು ಬೆವರುವ ಮದುಮಕ್ಕಳು, ಮೀಸೆ ಸರಿಯಾಗಿ ಬಂದಿಲ್ಲವೆಂದು ಜಗಳಕ್ಕೆ ಬರುವ ಗೌಡರು, ಎಲ್ಲರನ್ನೂ ಸಂಭಾಳಿಸಿದ್ದೇನೆ. ಆದರೆ ಒಂದೇ ಒಂದು ಫೋಟೋಕ್ಕಾಗಿ ವರ್ಷಗಟ್ಟಲೆ ಬಂದು ನನ್ನ ಬೆಂಚು ಸವೆಸಿದವಳು, ನನ್ನ ಗಿರಾಕಿಗಳ ತಲೆ ಕೆಡಿಸಿದವಳು, ಕೊನೆಗೆ ನೇಸರಗಿಯಲ್ಲಿ ನನ್ನ ಹೆಸರಿಗೇ ಮಸಿ ಬಳಿದು ಹೋದವಳು ಇವಳೊಬ್ಬಳೇ.

ಆಕೆ ಒಕ್ಕಲುತನದ ಮನೆಯ ಹೆಣ್ಣುಮಗಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಗ ಶಂಕರೆಪ್ಪ ಹೊಲ ನೋಡಿಕೊಂಡಿದ್ದ, ಸೊಸೆ ಸಾವಿತ್ರೆವ್ವ ಮನೆ ನೋಡಿಕೊಂಡಿದ್ದಳು. ಮುದುಕಿಗೆ ಉಳಿದ ಕೆಲಸವೆಂದರೆ ಬೈಲಹೊಂಗಲದ ಸಂತೆಗೆ ಬೆಣ್ಣೆ ತರುವುದು. ಬೆಣ್ಣೆ ಮಧ್ಯಾಹ್ನದೊಳಗೆ ಖರ್ಚಾಗುತ್ತಿತ್ತು, ಊರಿಗೆ ಹೋಗುವ ಬಸ್ಸು ಇಳಿಹೊತ್ತಿಗೆ. ನಡುವಿನ ಹೊತ್ತನ್ನು ಕಳೆಯಲು ಬಜಾರದಲ್ಲಿ ಗುಡಿಯಿತ್ತು, ಬಟ್ಟೆ ಅಂಗಡಿಯ ಕಟ್ಟೆಯಿತ್ತು. ಅವನ್ನೆಲ್ಲ ಬಿಟ್ಟು ಆಕೆ ನನ್ನ ಸ್ಟುಡಿಯೋವನ್ನೇ ಆರಿಸಿಕೊಂಡಳು.

ದೂರದಿಂದಲೇ ಆಕೆ ಬರುವುದು ಗೊತ್ತಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಜೋಳದ ಕಣಿಕೆಯ ಬಣವೆಯ ಮೇಲಿಂದ ಬಿದ್ದು, ಅಂದಿನಿಂದ ಮೈಯೆಲ್ಲ ಎಡಕ್ಕೆ ವಾಲಿತ್ತು. ನಡೆದರೂ ಎಡಕ್ಕೆ, ಕುಳಿತರೂ ಎಡಕ್ಕೆ. ಆ ಮೈಯಲ್ಲೇ ಹತ್ತಿ ಬಿಡಿಸಿದಳು, ಕೂಸು ಹೆತ್ತಳು, ತಲೆಯ ಮೇಲೆ ಬುಟ್ಟಿ ಹೊತ್ತು ಬಸ್ಸು ಹತ್ತಿದಳು. ಊರಲ್ಲಿ ಸೊಟ್ಟ ಶಟ್ಟೆವ್ವ ಎನ್ನುತ್ತಿದ್ದರು, ಆಕೆಯ ಎದುರಿಗೇ. ಆಕೆ ತಿರುಗಿ ನೋಡುತ್ತಿದ್ದಳು, ಬೇರೆ ಹೆಸರಿನಿಂದ ಕರೆದರೆ ನೋಡುತ್ತಿರಲಿಲ್ಲವೇನೋ.

ಮೊದಲ ಸಲ ಬಂದಾಗ ಬೆಂಚಿನ ಮೇಲೆ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, ತನಗೊಂದು ಫೋಟೋ ಬೇಕು ಎಂದಳು. ನಾನು ಸಂತೋಷಪಟ್ಟೆ. ಎಂಥ ಮೂರ್ಖ ನಾನು! ಯಾಕೆ ಬೇಕು ಎಂದು ಸುಮ್ಮನೆ ಕೇಳಿದ್ದಕ್ಕೆ ಆಕೆ ಹೇಳಿದ್ದನ್ನು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಗೊತ್ತಿರಬೇಕು. ಇಲ್ಲಿ ಲಿಂಗವಂತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗೋಡೆಗೆ ಆನಿಸಿ ಕೂಡಿಸುತ್ತಾರೆ. ಮಗ್ಗುಲಿಗೆ ಬೀಳಬಾರದೆಂದು ಎದೆಗೆ ಅರಿವೆ ಸುತ್ತಿ ಹಿಂದಿನ ಗೂಟಕ್ಕೆ ಬಿಗಿಯುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂವು. ಆಮೇಲೆ ಸೈಕಲ್ ಹತ್ತಿಸಿ ಆಳನ್ನು ಫೋಟೋದವನ ಮನೆಗೆ ಓಡಿಸುತ್ತಾರೆ. ಬದುಕಿದ್ದಾಗ ಒಂದು ಫೋಟೋ ತೆಗೆಸೋಣವೆಂದು ಒಬ್ಬರಿಗೂ ನೆನಪಾಗುವುದಿಲ್ಲ. ಹೀಗೆ ತೆಗೆದ ಫೋಟೋದಲ್ಲಿ ಮುಚ್ಚಿದ ಕಣ್ಣಿನ ಮೇಲೆ ಸಣ್ಣ ಕುಂಚದಿಂದ ತೆರೆದ ಕಣ್ಣು ಬರೆದುಕೊಡುವುದು ನಮ್ಮ ಕಸಬಿನ ಒಂದು ಭಾಗ. ಅಪ್ಪನ ಕೈ ಅದರಲ್ಲಿ ಹೆಸರಾಗಿತ್ತು. ಆದರೆ ಅವರಿಗೆ ಬರೆಯಲು ಬರುತ್ತಿದ್ದದ್ದು ಒಂದೇ ಜೋಡಿ ಕಣ್ಣು. ತಾಲೂಕಿನಲ್ಲಿ ಎಷ್ಟು ಮನೆಗಳ ಹಿರಿಯರು ಆ ಒಂದೇ ಕಣ್ಣಿನಿಂದ ತಮ್ಮ ಮಕ್ಕಳನ್ನು ದಿಟ್ಟಿಸುತ್ತಿದ್ದಾರೋ ದೇವರಿಗೇ ಗೊತ್ತು.

ಶಟ್ಟೆವ್ವನ ಗಂಡನಿಗೂ ಅದೇ ಕಣ್ಣು ಬಂದಿತ್ತು.

"ನಮ್ಮ ಮನಿಯವರ ಕಣ್ಣು ಸಣ್ಣೂವು, ಬೆಕ್ಕಿನ ಕಣ್ಣ ಇದ್ದಂಗ. ನಿಮ್ಮಪ್ಪಾರು ಬರದ ಕೊಟ್ಟದ್ದು ಎತ್ತಿನ ಕಣ್ಣು. ಆ ಕಣ್ಣಿನ ಮುಂದ ಕುಂತು ರೊಟ್ಟಿ ತಿನ್ನಾಕ್ಹತ್ತಿ ಇಷ್ಟ ವರ್ಷಾತು ರಾಯರ, ಇನ್ನೂ ಗುರ್ತ ಹತ್ತವಲ್ದು."

ಅತ್ತೆಯದು ಇನ್ನೊಂದು ಕಥೆಯಂತೆ. ಬದುಕಿರುವಷ್ಟು ದಿನ ಗೂನು ಬೆನ್ನಿನ ಮುದುಕಿ, ಗೋಡೆಯ ಮೇಲಿನ ಫೋಟೋದಲ್ಲಿ ಪೊಲೀಸ್ ಫೌಜದಾರನ ಹಾಗೆ ಎದೆ ಸೆಟೆಸಿ ಕುಳಿತಿದ್ದಾಳೆ. ಹಬ್ಬಕ್ಕೆ ಎಡೆ ಹಿಡಿಯುವಾಗೆಲ್ಲ ಶಟ್ಟೆವ್ವನಿಗೆ ಯಾರೋ ಪರ ಊರ ಹೆಂಗಸಿಗೆ ಎಡೆ ಹಿಡಿದಂತೆ ಅನ್ನಿಸುತ್ತದಂತೆ. ತನಗೆ ಹಾಗಾಗಬಾರದು. ಜೀವ ಇರುವಾಗಲೇ ತೆಗೆಯಬೇಕು, ತನ್ನ ಕಣ್ಣು ತನಗೇ ಇರಬೇಕು. ನನಗೆ ಆ ಮಾತು ನಾಟಿತು. ಈಗಲೇ ತೆಗೆಯುತ್ತೇನೆ, ಎದ್ದು ಕುರ್ಚಿಯ ಮೇಲೆ ಕೂಡ್ರಿ ಎಂದೆ. ಆಕೆ ಎದ್ದಳು, ಕುರ್ಚಿಯ ತನಕ ಹೋದಳು, ಹಿಂದಿನ ಪರದೆಯನ್ನು ನೋಡಿದಳು, ತಿರುಗಿ ಬಂದು ಬೆಂಚಿನ ಮೇಲೆ ಕುಳಿತಳು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಪರದೆಗಳ ವಿಷಯ ಹೇಳಬೇಕು. ಆ ವರ್ಷ, ಅಂದರೆ ಎಪ್ಪತ್ತಮೂರರಲ್ಲಿ, ಗೊಬ್ಬರದ ಕಂಪನಿಯೊಂದು ಜಗತ್ತಿನ ವಿಚಿತ್ರ ಸ್ಥಳಗಳ ಕ್ಯಾಲೆಂಡರ್ ಹಂಚಿತ್ತು. ತಿಂಗಳಿಗೊಂದು ಚಿತ್ರ. ರೈತರು ಅದನ್ನು ಜೋಳದ ಚೀಲದ ಮೇಲೆ ತೂಗುಹಾಕಿದರು, ನಾನು ಅದರಲ್ಲಿ ವ್ಯಾಪಾರ ಕಂಡೆ. ಕಿತ್ತೂರಿನಿಂದ ಪೇಂಟರ್ ಸತ್ಯಪ್ಪನನ್ನು ಕರೆಸಿದೆ. ಅವನು ನಾಟಕ ಕಂಪನಿಗಳಿಗೆ ದರಬಾರಿನ ಪರದೆ, ಅಡವಿಯ ಪರದೆ ಬರೆದು ಕೈ ಪಳಗಿಸಿಕೊಂಡವನು. ಕ್ಯಾಲೆಂಡರ್ ನೋಡಿ ಅವನು ದೊಡ್ಡ ದೊಡ್ಡ ಪರದೆ ಬರೆದುಕೊಟ್ಟ. ತಾಜಮಹಲು, ಪ್ಯಾರಿಸ್ಸಿನ ಕಬ್ಬಿಣದ ಗೋಪುರ, ನೀರಿನ ಮೇಲೆ ಕಟ್ಟಿದ ವೆನಿಸ್ ಪಟ್ಟಣ, ಈಜಿಪ್ಟಿನ ಪಿರಮಿಡ್ಡು, ಹಿಮ ಬಿದ್ದ ಬೆಟ್ಟ. ಬೇಕಾದ್ದನ್ನು ಹಗ್ಗ ಬಿಟ್ಟು ಇಳಿಸುವುದು, ಬೇಡವಾದ್ದನ್ನು ಸುತ್ತಿ ಏರಿಸುವುದು. ಸವದತ್ತಿ, ರಾಮದುರ್ಗದಿಂದ ಕೂಡ ಹೊಸ ಜೋಡಿಗಳು ಬಂದು ಪ್ಯಾರಿಸ್ಸಿನಲ್ಲಿ ನಿಂತು ಹೋಗತೊಡಗಿದವು.

ಶಟ್ಟೆವ್ವನ ವಾದ ಸರಳವಾಗಿತ್ತು. ಫೋಟೋದಲ್ಲಿ ಒಮ್ಮೆ ಕುಳಿತರೆ ಅಲ್ಲೇ ಇರಬೇಕಲ್ಲ, ಎದ್ದು ಬರಲು ಆಗುವುದಿಲ್ಲವಲ್ಲ. ಮಗಳನ್ನು ಕೊಡುವಾಗ ಆ ಊರಿನ ನೀರು, ನೆರೆಹೊರೆ ವಿಚಾರಿಸುವುದಿಲ್ಲವೇ? ಹಾಗೆಯೇ ತಾನೂ ವಿಚಾರಿಸುತ್ತೇನೆ ಎಂದಳು. ವಿಚಾರಿಸಿದಳು. ಸಂತೆ ಸಂತೆಗೆ ಬಂದು ವಿಚಾರಿಸಿದಳು.

ತಾಜಮಹಲು ಏನೆಂದು ಕೇಳಿದಳು. ರಾಜನೊಬ್ಬ ಹೆಂಡತಿಗೆ ಕಟ್ಟಿಸಿದ ಗೋರಿ ಎಂದೆ. ಬಾಯಿ ತಪ್ಪಿ ಹೇಳಿಬಿಟ್ಟೆ. ಗೋರಿಯ ಮುಂದೆ ಕೂಡಿಸಿ ಫೋಟೋ ತೆಗೆಯುತ್ತೀರಾ ಎಂದು ಆಕೆ ಗಟ್ಟಿಯಾಗಿ ಕೇಳಿದಾಗ, ಅದೇ ಪರದೆಯ ಮುಂದೆ ನಿಂತಿದ್ದ ಯರಗಟ್ಟಿಯ ಮದುಮಗಳು ಗಂಡನ ಕೈ ಬಿಟ್ಟು ಈಚೆ ಬಂದಳು. ಆ ದಿನದಿಂದ ತಾಜಮಹಲಿಗೆ ಗಿರಾಕಿ ಇಲ್ಲ. ವೆನಿಸ್ಸಿನಲ್ಲಿ ನೀರು ಧಾರಾಳ ಇದೆಯಲ್ಲ ಎಂದು ಅದನ್ನು ಇಳಿಸಿದೆ. ನೋಡಿ ನೋಡಿ, ಇಷ್ಟು ನೀರಿದ್ದೂ ಒಬ್ಬ ಹೆಣ್ಣುಮಗಳು ಅರಿವೆ ಒಗೆಯುತ್ತಿಲ್ಲ, ಅಂದರೆ ಆ ನೀರಿನಲ್ಲಿ ಏನೋ ದೋಷವಿರಬೇಕು ಎಂದಳು. ಹಿಮದ ಬೆಟ್ಟಕ್ಕೆ ಆಕೆಯ ಮೊಣಕಾಲು ಒಪ್ಪಲಿಲ್ಲ. ಪಿರಮಿಡ್ಡಿಗೆ ಬಾಗಿಲೇ ಕಾಣಲಿಲ್ಲ. ಪ್ಯಾರಿಸ್ಸಿನ ಗೋಪುರವನ್ನು ಕಂಡು, ತಮ್ಮ ಹೊಲದಲ್ಲಿ ಕರೆಂಟಿನವರು ನೆಟ್ಟುಹೋದದ್ದೂ ಇಂಥದೇ, ಅದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದಳು. ಬೆಂಚಿನ ಮೇಲೆ ಕುಳಿತವರೆಲ್ಲ ನಕ್ಕರು. ಮುಂದೆ ಇಡೀ ಬಜಾರ ಅದನ್ನು ಕರೆಂಟಿನ ಕಂಬದ ಪರದೆ ಎಂದೇ ಕರೆಯಿತು, ನನ್ನ ಮನೆಯಾಕೆ ತಾರಾಬಾಯಿ ಕೂಡ.

ನಾನು ಸಿಟ್ಟು ಮಾಡಲಿಲ್ಲವೆಂದಲ್ಲ. ಒಂದು ಸಂತೆ ದಿನ ನೇರವಾಗಿ ಹೇಳಿದೆ, ಆಯೀ, ಇದು ಫೋಟೋದ ಅಂಗಡಿ, ವರ ನೋಡುವ ಚಾವಡಿ ಅಲ್ಲ, ಯಾವುದಾದರೂ ಒಂದರ ಮುಂದೆ ಕೂಡ್ರಿ, ಇಲ್ಲವಾದರೆ ಬಿಡ್ರಿ. ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ನಿಮ್ಮ ಸಿಟ್ಟು ನಿಮ್ಮಪ್ಪನ ಸಿಟ್ಟೇ ಎಂದು ನನಗೆ ಹೇಳಿ, ತಾರಾಬಾಯಿಗೆ ಒಂದು ಎಲೆಯ ತುಂಬ ಬೆಣ್ಣೆ ಕೊಟ್ಟು ಹೋದಳು. ಮುಂದಿನ ಸಂತೆಗೆ ಮತ್ತೆ ಹಾಜರ್. ಬೆಣ್ಣೆ ಉಂಡವರು ಬಾಗಿಲು ಹಾಕಿಕೊಳ್ಳಲು ಬರುತ್ತದೆಯೇ?

ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ ಸತ್ಯಪ್ಪ ಅದೇ ಕ್ಯಾಲೆಂಡರಿನ ಇನ್ನೊಂದು ಪರದೆ ಮುಗಿಸಿ ತಂದ. ಕ್ಯಾಲೆಂಡರಿನಲ್ಲಿ ಇಟಲಿ ದೇಶದ ಪೀಸಾ ಪಟ್ಟಣದ ಗೋಪುರವಿತ್ತು. ಬಿಳೀ ಕಲ್ಲಿನದು, ಅಂತಸ್ತಿನ ಮೇಲೆ ಅಂತಸ್ತು, ಸುತ್ತಲೂ ಕಂಬ, ಒಂದು ಕಡೆಗೆ ವಾಲಿಕೊಂಡು ನಿಂತದ್ದು. ಜಗತ್ತಿನ ಮೂಲೆ ಮೂಲೆಯಿಂದ ಜನ ಅದನ್ನು ನೋಡಲು ಹೋಗುವುದೇ ಅದು ವಾಲಿದೆ ಎಂದು. ಪರದೆ ಬಿಚ್ಚಿ ಇಳಿಸಿದೆ. ಗೋಪುರ ದೀಪದ ಕಂಬದಂತೆ ಸೆಟೆದು ನಿಂತಿತ್ತು. ಇದೇನೋ ಸತ್ಯಪ್ಪಾ ಎಂದರೆ ಅವನು ಮೆಚ್ಚುಗೆಯ ಮಾತು ಬಂತೆಂದು ತಿಳಿದು ಮುಗುಳ್ನಕ್ಕ. ಕ್ಯಾಲೆಂಡರಿನವರು ತಪ್ಪು ಛಾಪಿಸಿದ್ದಾರೆ, ತಾನು ತಿದ್ದಿದ್ದೇನೆ ಎಂದ. ಮೇಲಾಗಿ, ವಾಲಿದ ಕಂಬದ ಕೆಳಗೆ ಮದುಮಕ್ಕಳನ್ನು ನಿಲ್ಲಿಸಬಾರದು ಎಂಬಷ್ಟು ತಿಳುವಳಿಕೆ ತನಗಿದೆ ಎಂದ. ಗೋಡೆಗೆ ಗಾರೆಯವರು ಹಿಡಿಯುವ ಓಳಂಬದ ಗುಂಡನ್ನು ಪರದೆಯ ಮೇಲೆ ಇಳಿಬಿಟ್ಟು ಗೆರೆ ಎಳೆದಿದ್ದನಂತೆ. ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲವೆಂದು ಅಭಿಮಾನದಿಂದ ಹೇಳಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಎಂಟುನೂರು ವರ್ಷದಿಂದ ವಾಲಿದ್ದನ್ನು, ಅಲ್ಲಿಯ ರಾಜರು, ಇಂಜಿನಿಯರುಗಳು ಎಲ್ಲ ಸೇರಿದರೂ ನೆಟ್ಟಗೆ ಮಾಡಲಾಗದ್ದನ್ನು, ನೀನು ಕಿತ್ತೂರಿನಲ್ಲಿ ಕುಳಿತು ನೆಟ್ಟಗೆ ಮಾಡಿದೆಯಲ್ಲೋ ಎಂದು ಕೂಗಾಡಿದೆ. ನೆಟ್ಟಗೆ ನಿಂತ ಮೇಲೆ ಅದು ಪೀಸಾ ಹೇಗಾಯಿತು, ಯಾವ ಊರಿನ ಗಡಿಯಾರದ ಗೋಪುರವಾದರೂ ಆಗಬಹುದು ಎಂದೆ. ಅವನು ಮುಖ ಸಣ್ಣ ಮಾಡಿಕೊಂಡು ಮೂಲೆಗೆ ನಿಂತ. ಆಗ ಬೆಂಚಿನ ಕಡೆಯಿಂದ ಶಟ್ಟೆವ್ವನ ದನಿ ಬಂತು.

"ವಾಲಿ ಎಂಟನೂರು ವರ್ಷಾತಂದ್ರಿ?"

ಹೌದು ಎಂದೆ.

"ಬಿದ್ದಿಲ್ಲ?"

ಇಲ್ಲ ಎಂದೆ. ಒಳಗೆ ಜನ ಹೋಗುತ್ತಾರೋ, ಹೆದರಿ ದೂರ ನಿಲ್ಲುತ್ತಾರೋ ಎಂದು ಕೇಳಿದಳು. ಹೋಗುತ್ತಾರೆ, ಮೆಟ್ಟಿಲು ಹತ್ತಿ ಮೇಲಿನ ತನಕ ಹೋಗುತ್ತಾರೆ, ಮೇಲೆ ಗಂಟೆಗಳಿವೆ, ಬಾರಿಸುತ್ತಾರೆ ಎಂದೆ. ಆಕೆ ಪರದೆಯ ಮೇಲಿನ ಗೋಪುರವನ್ನು ಬುಡದಿಂದ ತುದಿಯ ತನಕ ನೋಡಿದಳು. ಬಸ್ಸಿನ ಹೊತ್ತಾದಾಗ ಬುಟ್ಟಿ ಎತ್ತಿಕೊಂಡು ಎದ್ದು, ಅದು ಹೇಗಿದೆಯೋ ಹಾಗೆ ಬರೆಸಿರಿ, ನಾನು ಅಲ್ಲಿ ಕೂಡುತ್ತೇನೆ ಎಂದಳು. ನನಗೆ ನಂಬಿಕೆ ಬರಲಿಲ್ಲ. ಅಲ್ಲಿ ನೀರಿದೆಯೋ ಇಲ್ಲವೋ ಎಂದು ಕೂಡ ಕೇಳಿರಲಿಲ್ಲ.

ಇನ್ನು ಸತ್ಯಪ್ಪನ ರಗಳೆ. ವಾಲಿಸಿ ಬರೆಯಲು ಅವನು ಸುತರಾಂ ಒಪ್ಪಲಿಲ್ಲ. ನೋಡಿದವರು ಸತ್ಯಪ್ಪನ ಕೈ ನಡುಗುತ್ತಿದೆ, ಕುಡಿಯಲು ಹತ್ತಿದ್ದಾನೆ ಎನ್ನುತ್ತಾರಂತೆ, ಆಮೇಲೆ ಅಂಗಡಿಯ ಬೋರ್ಡು ಕೂಡ ಯಾರೂ ಬರೆಸುವುದಿಲ್ಲವಂತೆ. ಗದರಿಸಿ ಕಳಿಸಿದೆ. ಒಂದು ಬೆರಳಿನಷ್ಟು ವಾಲಿಸಿ ತಂದ. ಇನ್ನೂ ಎಂದು ವಾಪಸ್ ಕಳಿಸಿದೆ. ಇನ್ನೊಂದು ಬೆರಳು ವಾಲಿಸಿದ, ಹಾಗೆಯೇ ಅದು ಬೀಳದಂತೆ ಮಗ್ಗುಲಿಗೆ ಒಂದು ದಪ್ಪ ಆಸರೆಯ ತೊಲೆ ಬರೆದು ತಂದ. ನಾನು ತಲೆ ಚಚ್ಚಿಕೊಂಡೆ. ಆ ತೊಲೆಯನ್ನು ಅಳಿಸಲು ಹಚ್ಚಿದ ಹಸಿರು ಬಣ್ಣ ಇಟಲಿಯಲ್ಲಿ ಒಂದು ಕಬ್ಬಿನ ಹೊಲದಂತೆ ಉಳಿದುಕೊಂಡಿತು, ಇರಲಿ ಬಿಡು ಎಂದೆ. ಅಂತೂ ಗೋಪುರ ಕ್ಯಾಲೆಂಡರಿನಲ್ಲಿದ್ದಷ್ಟು ವಾಲಿತು. ನಾನು ಅದನ್ನು ಗೋಡೆಗೆ ಏರಿಸಿದೆ.

ಏರಿಸಿದ್ದೇ ತಡ, ಸತ್ಯಪ್ಪ ಹೇಳಿದ ಹಾಗೇ ಆಯಿತು. ಒಂದು ಜೋಡಿ ಕೂಡ ಅದರ ಮುಂದೆ ನಿಲ್ಲಲಿಲ್ಲ. ಬೀಳುವ ಮನೆಯ ಕೆಳಗೆ ಸಂಸಾರ ಹೂಡು ಎನ್ನುತ್ತೀರಾ ಎಂದು ದೇಗಾಂವಿಯಿಂದ ಬಂದ ಬೀಗರೊಬ್ಬರು ನನ್ನ ಮೇಲೇ ಹರಿಹಾಯ್ದರು. ಇಷ್ಟೆಲ್ಲ ಯಾರಿಗಾಗಿ ಮಾಡಿದೆನೋ ಆಕೆಯ ಪತ್ತೆಯೇ ಇಲ್ಲ. ಹತ್ತಿ ಬಿಡಿಸುವ ಕಾಲ ಬಂದಿತ್ತು. ಸಂತೆಯಲ್ಲಿ ಬೆಣ್ಣೆ ಮಾರುವವರ ಸಾಲಿನಲ್ಲಿ ನಾನೇ ಹೋಗಿ ಹುಡುಕಿದೆ. ಹೆಂಡತಿ ನಕ್ಕಳು, ಮೊದಲು ಬರಬೇಡ ಎನ್ನುತ್ತಿದ್ದಿರಿ, ಈಗ ಯಾಕೆ ಬರಲಿಲ್ಲ ಎನ್ನುತ್ತೀರಿ ಎಂದಳು. ಪರದೆ ಹಾಳಾಗುತ್ತಿದೆ ಎಂದು ಅವಳ ಮೇಲೆ ರೇಗಿದೆ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಶಟ್ಟೆವ್ವ ಬಂದಳು. ಬುಟ್ಟಿ ಇರಲಿಲ್ಲ. ಇಳಕಲ್ ಸೀರೆ ಉಟ್ಟಿದ್ದಳು, ಹಣೆಯ ತುಂಬ ವಿಭೂತಿ. ಮೊದಲಿಗಿಂತ ಸೊರಗಿದ್ದಳು, ಹತ್ತಿ ಬಿಡಿಸಿದ ದಣಿವು ಇಳಿದಿಲ್ಲ ಎಂದಳು. ಪರದೆಯ ಮುಂದೆ ಬಹಳ ಹೊತ್ತು ನಿಂತಳು. ಈಗ ಕಬ್ಬಿನ ವಿಷಯ ಕೇಳಿದರೆ ಏನು ಹೇಳಲಿ? ಕೇಳಲಿಲ್ಲ. ಹೋಗಿ ಕುರ್ಚಿಯ ಮೇಲೆ ಕುಳಿತಳು.

ನಾನು ಕರೀ ಬಟ್ಟೆಯೊಳಗೆ ತಲೆ ಹಾಕಿದೆ. ಕಸಬಿನ ಚಾಳಿ ನೋಡಿ, ಬಾಯಿಂದ ತಾನಾಗಿ ಅದೇ ಮಾತು ಬಂತು, ನೆಟ್ಟಗ ಕೂಡ್ರಿ. ಆಕೆ ವಾಲಿಕೊಂಡೇ ಇದ್ದಳು. ಮತ್ತೆ ಹೇಳಿದೆ. ಕೇಳಿಸಲಿಲ್ಲವೇನೋ ಎಂದು ಬಟ್ಟೆ ಸರಿಸಿ ಹೊರಗೆ ಬಂದು, ಆಕೆಯ ಭುಜ ಹಿಡಿದು ಸರಿಮಾಡಲು ಕೈ ಚಾಚಿದೆ. ಆಕೆ ನನ್ನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದಳು.

"ಸತ್ತ ಮ್ಯಾಲ ಹೆಂಗೂ ಕಟ್ಟಿ ನೆಟ್ಟಗ ಮಾಡ್ತಾರ ರಾಯರ. ಜೀವ ಇರೂತನಕಾ ನಾ ಹೆಂಗ ಕುಂತೇನೊ ಹಂಗ ಇರಾಕ ಬಿಡ್ರಿ."

ನಾನು ಕ್ಯಾಮೆರಾದ ಹಿಂದೆ ಹೋದೆ. ಕರೀ ಬಟ್ಟೆಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡೆ. ಗಾಜಿನಲ್ಲಿ ನೋಡಿದರೆ ಗೋಪುರ ಎತ್ತ ವಾಲಿತ್ತೋ ಅದರ ಮುಂದೆ ಶಟ್ಟೆವ್ವನೂ ಅತ್ತಲೇ. ಇಷ್ಟು ವರ್ಷ ಯಾವ ಪರದೆಯ ಮುಂದೆ ನಿಂತರೂ ಈಕೆ ಸೊಟ್ಟ ಕಾಣುತ್ತಿದ್ದಳು. ಇಲ್ಲಿ ಹಾಗೆ ಕಾಣಲಿಲ್ಲ. ಒಂದೇ ಊರಿನವರ ಹಾಗೆ ಇಬ್ಬರೂ ನನ್ನನ್ನು ನೋಡುತ್ತಿದ್ದರು. ಕಣ್ಣು ಪಿಳುಕಿಸಬೇಡ್ರಿ ಎಂದೆ. ಪಿಳುಕಿಸಲಿಲ್ಲ. ನಾನು ತೆಗೆದ ಫೋಟೋಗಳಲ್ಲಿ ಒಂದಕ್ಕೂ ತಿದ್ದುವ ಕುಂಚ ಮುಟ್ಟಿಸದೆ ಕೊಟ್ಟದ್ದು ಅದೊಂದೇ ಇರಬೇಕು.

ಫೋಟೋಕ್ಕೆ ಗಾಜಿನ ಕಟ್ಟು ಹಾಕಿಸಿ ಕೊಟ್ಟೆ. ಆಕೆ ಸೆರಗಿನಿಂದ ಗಾಜು ಒರೆಸಿ ನೋಡಿದಳು, ಕಣ್ಣು ತನ್ನವೇ ಎಂದಳು, ಎದೆಗವಚಿಕೊಂಡು ಬಸ್ಸು ಹತ್ತಿದಳು. ನನ್ನ ಪಾಲಿಗೆ ಶನಿ ಬಿಟ್ಟಿತು ಎಂದುಕೊಂಡೆ. ಆದರೆ ಬೆಂಚು ಖಾಲಿ ಇದ್ದ ಸಂತೆಯ ದಿನಗಳಲ್ಲಿ ನನಗೆ ಹೊತ್ತು ಹೋಗುತ್ತಿರಲಿಲ್ಲ ಎಂಬುದೂ ನಿಜ.

ಮುಂದಿನ ಮಳೆಗಾಲಕ್ಕೆ ಮುಂಚೆ ನೇಸರಗಿಯಿಂದ ಆಳು ಬಂದ. ಶಟ್ಟೆವ್ವ ತೀರಿಕೊಂಡಿದ್ದಳು. ಶಂಕರೆಪ್ಪ ಕ್ಯಾಮೆರಾ ತೆಗೆದುಕೊಂಡು ಬರಲು ಹೇಳಿದ್ದ. ನನಗೆ ಅರ್ಥವಾಗಲಿಲ್ಲ. ಫೋಟೋ ಇದೆಯಲ್ಲ, ಅಷ್ಟೆಲ್ಲ ಕಷ್ಟಪಟ್ಟು ತೆಗೆದದ್ದು? ಆದರೂ ಸಾವಿನ ಮನೆಯ ಕರೆ, ಹೋಗದಿರಲು ಆಗುವುದಿಲ್ಲ. ಚೀಲ ಹೊತ್ತು ಹೊರಟೆ.

ಪಡಸಾಲೆಯಲ್ಲಿ ಆಕೆಯನ್ನು ಕೂಡಿಸಿದ್ದರು. ನೋಡಿ ನನಗೆ ಗುರುತೇ ಸಿಗಲಿಲ್ಲ. ಎದೆಗೆ ಅರಿವೆ ಸುತ್ತಿ, ಬೆನ್ನಿಗೆ ಹಲಗೆ ಕೊಟ್ಟು, ಗೂಟಕ್ಕೆ ಬಿಗಿದು, ಬದುಕಿನಲ್ಲಿ ಒಂದು ದಿನವೂ ಕೂಡದಷ್ಟು ನೆಟ್ಟಗೆ ಕೂಡಿಸಿದ್ದರು. ಭಜನೆಯವರು ಹಾಡುತ್ತಿದ್ದರು, ಊರ ಹೆಂಗಸರು ಬಂದು ಬಂದು ಅಳುತ್ತಿದ್ದರು. ಗೋಡೆಯ ಮೇಲೆ ಗಂಡನಿದ್ದ, ಅತ್ತೆಯಿದ್ದಳು. ನಾನು ತೆಗೆದ ಫೋಟೋ ಇರಲಿಲ್ಲ. ಎಲ್ಲಿ ಎಂದು ಸಾವಿತ್ರೆವ್ವನನ್ನು ಕೇಳಿದೆ. ಜೀವ ಇದ್ದವರ ಫೋಟೋ ಗೋಡೆಗೆ ಹಾಕಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಟ್ರಂಕಿನಲ್ಲಿಟ್ಟಿದ್ದೆವು ಎಂದು ಕಣ್ಣೊರೆಸಿಕೊಂಡು ಹೇಳಿದಳು. ಸರಿ, ಈಗ ಹಾಕಿರಿ ಎಂದೆ. ಶಂಕರೆಪ್ಪ ನನ್ನ ತೋಳು ಹಿಡಿದು ಬದಿಗೆ ಕರೆದೊಯ್ದ. ಅತ್ತು ಅತ್ತು ಅವನ ಮುಖ ಬಾತಿತ್ತು.

"ಆ ಫೋಟೋ ಬ್ಯಾಡ್ರಿ ರಾಯರ. ಅವ್ವನೂ ಸೊಟ್ಟ, ಹಿಂದಿನ ಗೋಪುರನೂ ಸೊಟ್ಟ. ಸಣ್ಣಾವ ಇದ್ದಾಗಿಂದ ಕೇಳೇನಿ, ಸೊಟ್ಟಿ ಮಗ ಸೊಟ್ಟಿ ಮಗ ಅಂತಿದ್ರು. ಇವತ್ತ ಹೆಂಗ ನೆಟ್ಟಗ ಕುಂತಾಳ ನೋಡ್ರಿ. ಇದನ ತಗೀರಿ, ಕಣ್ಣ ಬರೀರಿ. ಇದನ ಗ್ವಾಡಿಗಿ ಹಾಕ್ತೇನಿ."

ಇಂಥವನಿಗೆ ಬೈಯುವುದಾದರೂ ಹೇಗೆ? ಕೆಟ್ಟ ಮಗನಾಗಿದ್ದರೆ ನನ್ನ ಕೆಲಸ ಸುಲಭವಿತ್ತು. ಇವನು ತಾಯಿಯ ಮೇಲಿನ ಜೀವಕ್ಕೇ ತಾಯಿಯನ್ನು ಅಳಿಸಲು ಹೊರಟಿದ್ದ. ಅಲ್ಲೋ, ಆಕೆ ಬೇಡವೆಂದದ್ದು ಇದನ್ನೇ ಎಂದು ಹೇಳಿದೆ. ಮುದುಕರು ಏನೇನೋ ಅನ್ನುತ್ತಾರೆ ಎಂದ. ಮಂದಿ ಕಾಯುತ್ತಿದ್ದರು, ಹೆಣ ಕೂಡಿಸಿ ಒಯ್ಯುವ ಬಿದಿರಿನ ವಿಮಾನ ಕಟ್ಟಿ ಮುಗಿದಿತ್ತು, ಅವನ ದೊಡ್ಡಪ್ಪ ಲಗೂ ಮಾಡ್ರಿ ಎಂದು ಒಂದೇ ಸವನೆ ಅವಸರ ಮಾಡುತ್ತಿದ್ದ. ವಾದ ಮಾಡುವ ಜಾಗವಲ್ಲ ಅದು.

ಕ್ಯಾಮೆರಾ ನಿಲ್ಲಿಸಿದೆ. ಮನೆಯವರೆಲ್ಲ ಶಟ್ಟೆವ್ವನ ಎಡಬಲಕ್ಕೆ ಬಂದು ಕುಳಿತರು. ಬಟ್ಟೆಯೊಳಗೆ ತಲೆ ಹಾಕಿ ನೋಡಿದೆ. ಕುಂಚ ಹಿಡಿದು ನಾನು ಕಣ್ಣು ಬರೆಯುವುದು, ಅವು ಅಪ್ಪನ ಕಣ್ಣೇ ಆಗುವುದು, ಸೊಸೆ ಹಬ್ಬಕ್ಕೆ ಆ ಯಾರೋ ಹೆಂಗಸಿಗೆ ಎಡೆ ಹಿಡಿಯುವುದು, ಎಲ್ಲ ಕಂಡಿತು. ಹೊರಗೆ ಬಂದು ಚೀಲದಲ್ಲಿ ಕೈ ಹಾಕಿದೆ. ಅದರಲ್ಲಿ ಫೋಟೋ ಮೂಡುವ ಗಾಜಿನ ಪ್ಲೇಟು ತುಂಬಿದ ಕೇಸೂ ಇತ್ತು, ಪ್ಲೇಟಿಲ್ಲದ ಖಾಲಿ ಕೇಸೂ ಇತ್ತು. ಖಾಲಿಯದನ್ನು ತೆಗೆದು ಕ್ಯಾಮೆರಾಕ್ಕೆ ಏರಿಸಿದೆ. ಅಲುಗಾಡಬೇಡ್ರಿ ಎಂದು ಗಟ್ಟಿಯಾಗಿ ಹೇಳಿ, ಲೆನ್ಸಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ. ಎಲ್ಲರೂ ಎದ್ದರು. ಶಟ್ಟೆವ್ವನನ್ನು ವಿಮಾನದಲ್ಲಿ ಕೂಡಿಸಿ ಕರೆದೊಯ್ದರು.

ಒಂದು ವಾರದ ನಂತರ ಶಂಕರೆಪ್ಪ ಫೋಟೋ ಕೇಳಿಕೊಂಡು ಬಂದ. ಪ್ಲೇಟು ಕೆಟ್ಟಿತು ಎಂದೆ. ಅವನು ಮೊದಲು ನಂಬಲಿಲ್ಲ, ಆಮೇಲೆ ಅತ್ತ, ಆಮೇಲೆ ಬಜಾರದ ನಡುವೆ ನಿಂತು ಬೈದ. ನಮ್ಮಪ್ಪನ ಹೆಸರಿಗೆ ನಾನು ಕಳಂಕ ತಂದೆನೆಂದ. ತಾರಾಬಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ ನೇಸರಗಿಯವರು ಸಾವಿಗಾಗಲಿ ಮದುವೆಗಾಗಲಿ ನನ್ನನ್ನು ಕರೆಯುವುದನ್ನೇ ಬಿಟ್ಟರು. ಬೆಳಗಾವಿಯಿಂದ ಫೋಟೋದವನನ್ನು ತರಿಸತೊಡಗಿದರು. ಇಡೀ ಒಂದು ಊರಿನ ಗಿರಾಕಿ ಹೋಯಿತು, ಒಬ್ಬ ಮುದುಕಿಯ ದೆಸೆಯಿಂದ!

ವರ್ಷದ ಪುಣ್ಯತಿಥಿಗೆ ಮಾತ್ರ ಸಾವಿತ್ರೆವ್ವ ಹೇಳಿ ಕಳಿಸಿದಳು. ಹೋದೆ. ಬೇರೆ ಗತಿಯಿಲ್ಲದೆ ಟ್ರಂಕಿನಿಂದ ಫೋಟೋ ಹೊರಗೆ ಬಂದು ಗೋಡೆ ಏರಿತ್ತು. ನೋಡಿದೆ, ರಕ್ತ ತಲೆಗೇರಿತು. ಶಂಕರೆಪ್ಪ ಕಟ್ಟನ್ನೇ ವಾಲಿದ್ದಕ್ಕೆ ವಿರುದ್ಧ ಕಡೆಗೆ ಓರೆ ಮಾಡಿ ತೂಗುಹಾಕಿದ್ದ. ಕಟ್ಟು ಸೊಟ್ಟ, ಒಳಗೆ ಗೋಪುರ ನೆಟ್ಟಗೆ, ಶಟ್ಟೆವ್ವ ನೆಟ್ಟಗೆ. ಒಬ್ಬನು ಪರದೆಯಲ್ಲಿ ನೆಟ್ಟಗೆ ಮಾಡುತ್ತಾನೆ, ಇನ್ನೊಬ್ಬನು ಹಲಗೆ ಕಟ್ಟಿ ಮಾಡುತ್ತಾನೆ, ಅದೂ ಆಗದಿದ್ದರೆ ಗೋಡೆಯ ಮೇಲಿನ ಕಟ್ಟನ್ನು ಓರೆ ಮಾಡಿಯಾದರೂ ಮಾಡುತ್ತಾನೆ. ಈ ಜನಕ್ಕೆ ನಾನು ಏನೆಂದು ಹೇಳಲಿ?

ಪೂಜೆ ಆದ ಕೂಡಲೇ ಸ್ಟೂಲು ಎಳೆದು ಹತ್ತಿದೆ. ಕಟ್ಟನ್ನು ಸರಿಮಾಡಿದೆ. ಶಟ್ಟೆವ್ವ ಎಡಕ್ಕೆ ವಾಲಿದಳು. ಶಂಕರೆಪ್ಪ ಎದ್ದು ಬಂದ, ಮುಟ್ಟಬೇಡ್ರಿ ಎಂದ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಶಂಕರೆಪ್ಪಾ, ಇಷ್ಟ ವರ್ಷ ಮಂದಿ ಏನ ಅಂತಾರ ಅಂತ ನೋಡಿದಿ. ಒಮ್ಮೆರೆ ನಿಮ್ಮವ್ವನ ಮಾರಿ ನೋಡು. ಆಕಿಗೆ ಏನರೆ ನಾಚಿಕಿ ಅದ ಏನು?"

ನಾನು ಸ್ಟೂಲಿನಿಂದ ಇಳಿದು, ಉಣ್ಣದೆಯೇ ಚಪ್ಪಲಿ ಮೆಟ್ಟಿದೆ. ಹಿಂದೆ ತಿರುಗಿ ನೋಡಿದಾಗ ಅವನಿನ್ನೂ ಫೋಟೋದ ಮುಂದೆ ನಿಂತಿದ್ದ. ಅವನಿಗೆ ತಿಳಿಯದೆ ಅವನ ಭುಜವೂ ಸ್ವಲ್ಪ ಎಡಕ್ಕೆ ಇಳಿದಿತ್ತು.

ಬಹಳ ದಿನದ ಮೇಲೆ ಆ ದಾರಿಯಾಗಿ ಹೋಗುವಾಗ ಆ ಮನೆಗೆ ಹೋದೆ. ಮತ್ತೆ ಓರೆಯಾಗಿರುತ್ತದೆ ಎಂದು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಕಟ್ಟು ನೆಟ್ಟಗಿತ್ತು. ಶಟ್ಟೆವ್ವ ಇಟಲಿಯಲ್ಲಿ ವಾಲಿಕೊಂಡು ಕುಳಿತಿದ್ದಳು, ಕಣ್ಣು ಪಿಳುಕಿಸದೆ. ಹೋಗಿ ಬರುವವರ ಕೈ ತಾಗಿ ಸರಿಯಬಾರದೆಂದು ಶಂಕರೆಪ್ಪ ಕಟ್ಟಿನ ಕೆಳಗೆ ಎರಡು ಕಡೆಗೂ ಮೊಳೆ ಹೊಡೆದಿದ್ದ. ಚಹಾ ಕೊಟ್ಟು, ಪ್ಲೇಟು ಕೆಡಿಸಿದ್ದಕ್ಕೆ ಇನ್ನೊಮ್ಮೆ ಬೈದು, ಬಸ್ಸಿನ ತನಕ ಬಂದು ಕಳಿಸಿದ.